ಆಷಾಢದ ಗಾಳಿಗೆ ಒಂದು ಗ್ರೀಕ್ ಹೆಸರು

ಸ್ಕಂದಗಿರಿಯ ನೆತ್ತಿಯಲ್ಲಿ ಟೋಪಿ ಹಾರಿಸುವ ಗಾಳಿಯೇ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ನಾವಿಕರ ಹಾಯಿ ತುಂಬಿತ್ತು. ಅವರು ಗಾಳಿಯನ್ನು ಚೀಲದಲ್ಲಿ ಕಟ್ಟಿದರು, ಅಳಿಯನೆಂದು ಕರೆದರು, ಊರಿನ ಪೌರನನ್ನಾಗಿ ಮಾಡಿದರು. ನಾವು ಅದನ್ನು ಪ್ರಾಣ ಎಂದೆವು.

ಚಿಕ್ಕಬಳ್ಳಾಪುರದ ಪಕ್ಕದ ಈ ಬೆಟ್ಟಕ್ಕೆ ಪಾಪಾಗ್ನಿ ಮಠದ ಬಳಿಯಿಂದ ನಸುಕಿನಲ್ಲಿ ಹೊರಟವರು ಬಂಡೆ, ಪೊದೆ, ಕುಸಿದ ಕೋಟೆಗೋಡೆ ದಾಟಿ ನೆತ್ತಿ ಸೇರುತ್ತಾರೆ. ಎಲ್ಲರ ಮನಸ್ಸಿನಲ್ಲೂ ಇರುವುದು ಒಂದೇ ಚಿತ್ರ: ಕಾಲ ಕೆಳಗೆ ದಿಗಂತದವರೆಗೆ ಹಾಸಿದ ಬಿಳಿ ಮೋಡ, ಅದರಾಚೆ ಏಳುವ ಸೂರ್ಯ. ಆಷಾಢದಲ್ಲಿ ಬಂದವರಿಗೆ ಆ ಚಿತ್ರ ಸಿಗುವುದು ಕಷ್ಟ. ಮೋಡ ಕಾಲ ಕೆಳಗೆ ಇರುವುದಿಲ್ಲ, ಪಡುವಣದಿಂದ ನುಗ್ಗಿ ಬಂದು ಮುಖಕ್ಕೇ ರಾಚುತ್ತದೆ. ಟೋಪಿ ಹಾರುತ್ತದೆ, ರೇನ್‌ಕೋಟು ಪಟಪಟ ಬಡಿದುಕೊಳ್ಳುತ್ತದೆ. ಪಕ್ಕದಲ್ಲಿ ನಿಂತವರು ಆಡಿದ ಮಾತು ಕಿವಿಗೆ ಬೀಳುವ ಮೊದಲೇ ಗಾಳಿಯ ಪಾಲಾಗುತ್ತದೆ.

ಬುಡದಲ್ಲಿರುವ ಕಳವಾರದವರಿಗೆ ಇದು ಕಳವಾರ ಬೆಟ್ಟ. ಎತ್ತರ ಸುಮಾರು 1,450 ಮೀಟರ್. ಪಕ್ಕದ ದೊಡ್ಡಬಳ್ಳಾಪುರದಲ್ಲಿ ಆಷಾಢವೆಂದರೆ ಗಾಳಿಪಟ. ದೊಡ್ಡವರೂ ಮಕ್ಕಳೂ ಒಂದೇ ದಾರ ಹಿಡಿದು ಬಯಲಿಗಿಳಿಯುತ್ತಾರೆ. ಮಳೆ ಮಾತ್ರ ಈ ಸೀಮೆಗೆ ಜಿಪುಣ. ಗಾಳಿ ಹೊತ್ತು ತಂದ ನೀರೆಲ್ಲ ಪಶ್ಚಿಮ ಘಟ್ಟದಲ್ಲೇ ಸುರಿದು ಖಾಲಿಯಾಗಿರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ರೈತರು ಒಳ್ಳೆಯ ಮಳೆಗೆ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ಕಾಯಬೇಕು. ಆಷಾಢ ಅವರಿಗೆ ಕೊಡುವುದು ಬರೀ ಗಾಳಿ.

ಆ ಬರೀ ಗಾಳಿಯ ಹಿಂದೆ ಹೋದರೆ ದಾರಿ ಗ್ರೀಸ್‌ವರೆಗೆ ಮುಟ್ಟುತ್ತದೆ.

ಒಂದೂವರೆ ಕಿಲೋಮೀಟರ್ ಎತ್ತರದ ಹೊಳೆ

1966ರಲ್ಲಿ ಹವಾಮಾನ ವಿಜ್ಞಾನಿಗಳಾದ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಒಂದು ಸಂಗತಿಯನ್ನು ಪ್ರಕಟಿಸಿದರು. ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಪಡುವಣದಿಂದ ಮೂಡಣಕ್ಕೆ ಗಾಳಿಯ ಒಂದು ಬಿರುಸಾದ ಪ್ರವಾಹ ಹರಿಯುತ್ತದೆ. ಜೋರಾದ ದಿನಗಳಲ್ಲಿ ಅದರ ವೇಗ ಗಂಟೆಗೆ 70 ಕಿಲೋಮೀಟರ್ ದಾಟುತ್ತದೆ. 1969ರಲ್ಲಿ ಜೆ. ಫಿಂಡ್ಲೇಟರ್ ಇದರ ಪೂರ್ತಿ ದಾರಿಯನ್ನು ಗುರುತಿಸಿದರು: ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿ, ಕೆನ್ಯಾದ ಬಳಿ ಸಮಭಾಜಕ ದಾಟಿ, ಸೊಮಾಲಿಯಾದ ಅಂಚು ಸವರಿ, ಅರಬ್ಬೀ ಸಮುದ್ರದ ಮೇಲೆ ಹಾದು ಪಶ್ಚಿಮ ಘಟ್ಟಕ್ಕೆ ಅಪ್ಪಳಿಸುವ ಗಾಳಿ ಇದು. ನೈರುತ್ಯ ಮುಂಗಾರಿನ ಬೆನ್ನೆಲುಬು.

ಬಯಲಿನಲ್ಲಿ ನಿಂತವರಿಗೆ ಆ ಪ್ರವಾಹದ ಅಡಿಭಾಗ ಮಾತ್ರ ತಾಗುತ್ತದೆ. ಸ್ಕಂದಗಿರಿಯಂಥ ಬೆಟ್ಟದ ನೆತ್ತಿ ಅದರ ನಡುಮಟ್ಟಕ್ಕೇ ಏರಿ ನಿಂತಿದೆ. ಚಾರಣಿಗರ ಟೋಪಿ ಹಾರಿಸುವುದು ಬೆಟ್ಟದ ಗಾಳಿಯಲ್ಲ, ಆಫ್ರಿಕಾದ ಅಂಚಿನಿಂದ ಬಂದ ಗಾಳಿ.

ಈ ಗಾಳಿಯನ್ನು ಗ್ರೀಕರು ಹಿಪ್ಪಲೋಸ್ ಎಂದು ಕರೆದರು. ಆ ಹೆಸರಿನ ಕತೆಗೆ ಮೊದಲು ಗ್ರೀಕರಿಗೆ ಗಾಳಿಯೆಂದರೆ ಏನಾಗಿತ್ತು ಎಂಬುದನ್ನು ನೋಡಬೇಕು.

ಚೀಲದೊಳಗಿನ ಬಿರುಗಾಳಿ

ಗ್ರೀಕರ ಗಾಳಿದೇವರು ಒಬ್ಬನಲ್ಲ. ಕ್ರೀಟ್ ದ್ವೀಪದ ಕ್ನೋಸೋಸ್‌ನಲ್ಲಿ ಸಿಕ್ಕ, ಮೂರು ಸಾವಿರ ವರ್ಷಕ್ಕೂ ಹಳೆಯ ಜೇಡಿಮಣ್ಣಿನ ಹಲಗೆಗಳಲ್ಲಿ ‘ಗಾಳಿಗಳ ಪೂಜಾರಿಣಿ’ಯ ಉಲ್ಲೇಖವಿದೆ. ಅಲ್ಲಿಯೂ ಬಹುವಚನವೇ. ಗಾಳಿಗೆ ಅವರ ಪದ ಅನೆಮೊಸ್, ಗಾಳಿಗಳಿಗೆ ಅನೆಮೊಯ್. ಹೆಸಿಯಡ್ ಕವಿಯ ಪ್ರಕಾರ ಬಡಗಾಳಿ ಬೋರಿಯಾಸ್, ಪಡುವಣ ಗಾಳಿ ಜೆಫಿರಸ್, ತೆಂಕಣ ಗಾಳಿ ನೋಟಸ್ ಮೂವರೂ ಉಷೆಯ ಮಕ್ಕಳು, ತಂದೆ ಅಸ್ಟ್ರೇಯಸ್. ಹಡಗು ಒಡೆದು ಬೆಳೆ ಹಾಳುಮಾಡುವ ಹುಚ್ಚುಗಾಳಿಗಳು ಮಾತ್ರ ಈ ಮನೆತನದವಲ್ಲ. ಅವು ಜ್ಯೂಸ್ ಸೋಲಿಸಿ ಪಾತಾಳಕ್ಕೆ ತಳ್ಳಿದ ಟೈಫಿಯಸ್ ಎಂಬ ದೈತ್ಯನಿಂದ ಹುಟ್ಟಿದವು. ಒಳ್ಳೆಯ ಗಾಳಿಗೂ ಕೆಟ್ಟ ಗಾಳಿಗೂ ಬೇರೆ ಬೇರೆ ಕುಲ!

ಇವರೆಲ್ಲರ ಬೀಗದ ಕೈ ಇದ್ದದ್ದು ಏಯೋಲಸ್ ಬಳಿ. ಹೋಮರನ ‘ಒಡಿಸ್ಸಿ’ಯಲ್ಲಿ ಅವನು ದೇವರೂ ಅಲ್ಲ; ಜ್ಯೂಸ್ ನೇಮಿಸಿದ ಗಾಳಿಗಳ ಪಾರುಪತ್ಯಗಾರ. ತೇಲುವ ದ್ವೀಪದಲ್ಲಿ ಆರು ಗಂಡು, ಆರು ಹೆಣ್ಣು ಮಕ್ಕಳೊಂದಿಗೆ ಸುಖವಾಗಿದ್ದಾನೆ. ಊರಿಗೆ ಹೊರಟ ಒಡಿಸಿಯಸ್‌ಗೆ ಅವನು ಒಂಬತ್ತು ವರ್ಷದ ಎತ್ತಿನ ಚರ್ಮದ ಚೀಲ ಕೊಡುತ್ತಾನೆ. ಒಳಗೆ ಎಲ್ಲ ಎದುರುಗಾಳಿಗಳೂ ಬಂಧಿ, ಬಾಯಿಗೆ ಬೆಳ್ಳಿಯ ಹುರಿ. ಹೊರಗೆ ಬಿಟ್ಟದ್ದು ಮನೆಯ ಕಡೆ ಬೀಸುವ ಪಡುವಣ ಗಾಳಿಯೊಂದನ್ನೇ.

ಒಂಬತ್ತು ದಿನ ಒಡಿಸಿಯಸ್ ಚುಕ್ಕಾಣಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹತ್ತನೆಯ ದಿನ ಇಥಾಕಾದ ದಡದಲ್ಲಿ ಉರಿಯುವ ಬೆಂಕಿಯೂ ಕಂಡಿತು. ಆಗ ಕಣ್ಣು ಹತ್ತಿತು. ಚೀಲದಲ್ಲಿ ಬೆಳ್ಳಿ ಬಂಗಾರವಿದೆಯೆಂದು ಹೊಟ್ಟೆಕಿಚ್ಚುಪಟ್ಟ ಸಂಗಡಿಗರು ಹುರಿ ಬಿಚ್ಚಿದರು. ಹಡಗು ಹೊರಟಲ್ಲಿಗೇ ಬಂದು ಬಿತ್ತು. ಎರಡನೆಯ ಸಲ ಏಯೋಲಸ್ ಬಾಗಿಲಿಂದಲೇ ಅಟ್ಟಿದ.

ಬೋರಿಯಾಸ್‌ನ ಕತೆ ಪುರಾಣದಿಂದ ಇತಿಹಾಸಕ್ಕೆ ಜಿಗಿಯುತ್ತದೆ. ಅವನು ಅಥೆನ್ಸ್‌ನ ರಾಜಕುಮಾರಿ ಒರಿಥಿಯಾಳನ್ನು ಇಲಿಸೋಸ್ ಹೊಳೆಯ ದಡದಿಂದ ಹೊತ್ತೊಯ್ದು ಮದುವೆಯಾದವನು. ಹಾಗಾಗಿ ಅಥೆನ್ಸ್‌ಗೆ ಅಳಿಯ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಜರ್ಕ್ಸೀಸ್‌ನ ನೌಕಾಪಡೆ ದಂಡೆತ್ತಿ ಬಂದಾಗ, ಅಳಿಯನ ನೆರವು ಕೇಳಿ ಎಂದು ದೈವವಾಣಿಯಾಯಿತಂತೆ. ಅಥೆನ್ಸಿನವರು ಬೋರಿಯಾಸ್‌ಗೆ ಬಲಿ ಕೊಟ್ಟು ಮೊರೆಯಿಟ್ಟರು. ಬಿರುಗಾಳಿಯೆದ್ದು ಮೂರು ದಿನ ಬಡಿಯಿತು. ಕಡಿಮೆಯೆಂದರೂ 400 ಹಡಗು ಮುಳುಗಿದವೆಂದು ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಗೆದ್ದು ಮರಳಿದವರು ಇಲಿಸೋಸ್ ದಡದಲ್ಲೇ ಅಳಿಯನಿಗೆ ಗುಡಿ ಕಟ್ಟಿದರು. ಅದೇ ಯುದ್ಧದ ಮೇಲೆ ಈಸ್ಕಿಲಸ್ ಬರೆದ ನಾಟಕವನ್ನು ಬಿ.ಎಂ.ಶ್ರೀ 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು.

ಇಟಲಿಯ ತೂರಿಯೈ ಎಂಬ ಗ್ರೀಕ್ ಊರು ಇನ್ನೂ ಮುಂದೆ ಹೋಯಿತು. ಶತ್ರುವಿನ ಹಡಗುಗಳನ್ನು ಚದುರಿಸಿದ ಬಡಗಾಳಿಗೆ ಪೌರತ್ವ ಕೊಟ್ಟು, ಹೆಸರಿಗೆ ಮನೆ, ಜಮೀನು ಬರೆದುಕೊಟ್ಟಿತು.

ಎಂಟು ಮುಖದ ಗಾಳಿಗೋಪುರ
ಅಥೆನ್ಸ್‌ನಲ್ಲಿ ಇಂದಿಗೂ ನಿಂತಿರುವ, ಸುಮಾರು 12 ಮೀಟರ್ ಎತ್ತರದ ಅಮೃತಶಿಲೆಯ ಅಷ್ಟಕೋನದ ಗೋಪುರವಿದು. ಕಟ್ಟಿಸಿದವನು ಕಿರ್ರಸ್‌ನ ಖಗೋಳಜ್ಞ ಆಂಡ್ರೊನಿಕಸ್. ಒಂದೊಂದು ಮುಖಕ್ಕೆ ರೆಕ್ಕೆಯುಳ್ಳ ಒಬ್ಬೊಬ್ಬ ಗಾಳಿ: ಉತ್ತರಕ್ಕೆ ಶಂಖ ಹಿಡಿದು ದಪ್ಪ ಉಡುಗೆ ತೊಟ್ಟ ಬೋರಿಯಾಸ್, ಈಶಾನ್ಯಕ್ಕೆ ಆಲಿಕಲ್ಲು ಹೊತ್ತ ಕೈಕಿಯಾಸ್, ಪೂರ್ವಕ್ಕೆ ಹಣ್ಣು-ಧಾನ್ಯದ ಅಪೆಲಿಯೋಟಿಸ್, ಆಗ್ನೇಯಕ್ಕೆ ಯೂರಸ್, ದಕ್ಷಿಣಕ್ಕೆ ನೀರಿನ ಕೊಡ ಬಗ್ಗಿಸಿದ ನೋಟಸ್, ನೈರುತ್ಯಕ್ಕೆ ಹಡಗಿನ ಭಾಗ ಹಿಡಿದ ಲಿಪ್ಸ್, ಪಶ್ಚಿಮಕ್ಕೆ ಹೂ ಚೆಲ್ಲುವ ಜೆಫಿರಸ್, ವಾಯವ್ಯಕ್ಕೆ ಸ್ಕಿರಾನ್. ತುದಿಯಲ್ಲಿ ಕಡಲದೇವರು ಟ್ರೈಟನ್‌ನ ಕಂಚಿನ ಮೂರ್ತಿ ತಿರುಗುತ್ತ ಗಾಳಿಯ ದಿಕ್ಕು ತೋರಿಸುತ್ತಿತ್ತು. ಒಳಗೆ ನೀರಿನ ಗಡಿಯಾರ, ಹೊರಗೆ ನೆರಳಿನ ಗಡಿಯಾರ.

ಅಲ್ಲಿ ಹೂ, ಇಲ್ಲಿ ಹೊಡೆತ

ಗೋಪುರದ ಪಡುವಣ ಗಾಳಿ ಹೂ ಚೆಲ್ಲುವ ಸುಕುಮಾರ. ಹೋಮರನಲ್ಲಿ ಅವನು ಒರಟನಾಗಿಯೂ ಬರುತ್ತಾನೆ, ಆದರೆ ಆಮೇಲಿನ ಕವಿಗಳಿಗೆ ಜೆಫಿರಸ್ ಎಂದರೆ ವಸಂತ. ಬೊಟಿಚೆಲ್ಲಿಯ ‘ವೀನಸ್‌ಳ ಜನನ’ದಲ್ಲಿ ಕಪ್ಪೆಚಿಪ್ಪನ್ನು ದಡಕ್ಕೆ ಊದುತ್ತಿರುವವನು ಅವನೇ. ಕರ್ನಾಟಕದಲ್ಲಿ ಪಡುವಣ ಗಾಳಿಗೆ ಈ ವೇಷ ಹೊಂದುವುದೇ ಇಲ್ಲ. ಅದು ಮಲ್ಪೆ, ಮಂಗಳೂರು, ಕಾರವಾರದ ಯಾಂತ್ರೀಕೃತ ದೋಣಿಗಳನ್ನು ಜೂನ್, ಜುಲೈ ಪೂರ್ತಿ ದಡಕ್ಕೆ ಕಟ್ಟಿಹಾಕುವ ಗಾಳಿ.

ತೆಂಕಣ ಗಾಳಿಯದು ತದ್ವಿರುದ್ಧ. ಗ್ರೀಕರ ನೋಟಸ್ ಮಳೆ ಸುರಿಸುವ, ಮಬ್ಬು ಕವಿಸುವ ಗಾಳಿ. ನಮ್ಮಲ್ಲಿ ತೆಂಕಣದ ಎಲರು ಮಲಯ ಪರ್ವತದ ಗಂಧ ಹೊತ್ತ ಮಲಯಮಾರುತ. ಪಂಪನು 941ರಲ್ಲಿ ಮುಗಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ನೆನಪನ್ನು ಕೆರಳಿಸುವುದಕ್ಕೆ ಆ ಗಾಳಿಯ ಒಂದು ಸೋಂಕು ಸಾಕಾಗಿತ್ತು. ಗಾಳಿಯ ಗುಣ ಗಾಳಿಯಲ್ಲಿಲ್ಲ, ಅದು ದಾಟಿ ಬಂದ ನೆಲ-ನೀರಿನಲ್ಲಿದೆ. ಗ್ರೀಕರೂ ನಾವೂ ತಂತಮ್ಮ ಭೂಗೋಳವನ್ನೇ ದೇವರ ಸ್ವಭಾವವೆಂದು ಬರೆದಿಟ್ಟೆವು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳವಾದದ್ದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಕಲ್ಲೇಶ್ವರ ಗುಡಿಯ ಚಾವಣಿಯನ್ನು ತಲೆಯೆತ್ತಿ ನೋಡಿದರೆ ನಡುವೆ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಒಂಬತ್ತನೆಯ ಶತಮಾನದ ನೊಳಂಬರ ಕೆಲಸ. ಸ್ಕಂದಗಿರಿಗೆ ಎದುರಾಗಿರುವ ನಂದಿಯ ಭೋಗನಂದೀಶ್ವರ ಗುಡಿಯ ಸುಮಾರು 806ರ ಶಾಸನದಲ್ಲೂ ಬರುವುದು ನೊಳಂಬರ ಹೆಸರೇ. ಅಥೆನ್ಸಿನ ಗೋಪುರದಲ್ಲಿ ಎಂಟು ದಿಕ್ಕಿಗೆ ಎಂಟು ಗಾಳಿಗಳಿದ್ದರೆ, ಇಲ್ಲಿ ಎಂಟು ದಿಕ್ಕಿಗೆ ಎಂಟು ದೇವರು. ಅವರಲ್ಲಿ ವಾಯು ಒಬ್ಬ, ಅವನ ಪಾಲಿಗೆ ಒಂದು ಮೂಲೆ. ಆ ಮೂಲೆಗೆ ವಾಯವ್ಯ ಎಂಬ ಹೆಸರಾಯಿತು. ಹುಬ್ಬಳ್ಳಿಯ ಬಸ್ಸುಗಳ ಮೇಲಿನ ‘ವಾಯವ್ಯ ಕರ್ನಾಟಕ’ ಎಂಬ ಬರಹದಲ್ಲಿ ಆ ದೇವರು ದಿನವೂ ಊರೂರು ಸುತ್ತುತ್ತಾನೆ.

ದಿಕ್ಕಿನಲ್ಲಿ ಒಂದು ಮೂಲೆ ಸಿಕ್ಕರೂ ದೇಹದಲ್ಲಿ ವಾಯುವಿಗೆ ಸಿಕ್ಕಿದ್ದು ಇಡೀ ಸಿಂಹಾಸನ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಪಂಚಪ್ರಾಣಗಳೆಲ್ಲ ಅವನವೇ. ಉಡುಪಿಯ ಮಾಧ್ವ ಪರಂಪರೆಯಲ್ಲಿ ವಾಯು ಜೀವೋತ್ತಮ. ಹನುಮ, ಭೀಮ, ಮಧ್ವ ಅವನ ಮೂರು ಅವತಾರಗಳು. ಮುಳಬಾಗಿಲಿನ ಶ್ರೀಪಾದರಾಜರ ಬಳಿ ಓದಿದ ವ್ಯಾಸರಾಜರು 732 ಹನುಮನ ಮೂರ್ತಿಗಳನ್ನು ಪ್ರತಿಷ್ಠಾಪಿಸಿದರೆಂಬುದು ಪರಂಪರೆಯ ಮಾತು. ‘ಮುಖ್ಯಪ್ರಾಣ’ ಎಂದು ಕೈಮುಗಿಯುವ ಹಳ್ಳಿಯ ಹನುಮಪ್ಪನ ಗುಡಿ ನಿಜಕ್ಕೂ ಗಾಳಿಯ ಗುಡಿ. ಸ್ಕಂದಗಿರಿಯ ಹೆಸರಿನಲ್ಲಿರುವ ಸ್ಕಂದನ ಜನನಕ್ಕೂ ವಾಯುವಿನ ನೆರವಿದೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಶಿವನ ತೇಜಸ್ಸನ್ನು ಅಗ್ನಿ ಧರಿಸುವುದು ವಾಯುವಿನ ಜೊತೆಗೂಡಿ.

ಗ್ರೀಕರು ಗಾಳಿಯನ್ನು ಹೊರಗೆ ಕಂಡರು, ಹಾಯಿಯಲ್ಲಿ, ಅಲೆಯಲ್ಲಿ. ನಾವು ಮೂಗಿನ ಹೊಳ್ಳೆಯಲ್ಲಿ ಕಂಡೆವು. ಆದರೆ ಎರಡು ಕಾಣ್ಕೆಗೂ ಬೇರು ಒಂದೇ. ಅನೆಮೊಸ್, ಸಂಸ್ಕೃತದ ಅನಿಲ, ಪ್ರಾಣದೊಳಗಿನ ‘ಅನ್’, ಎಲ್ಲವೂ ‘ಉಸಿರಾಡು’ ಎಂಬ ಒಂದೇ ಪ್ರಾಚೀನ ಧಾತುವಿನ ಕುಡಿಗಳು.

ಹಿಪ್ಪಲೋಸ್ ಬೀಸಿದಾಗ

ಮೊದಲ ಶತಮಾನದಲ್ಲಿ ಈಜಿಪ್ಟಿನ ಗ್ರೀಕ್ ವರ್ತಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿ ಹಿಪ್ಪಲೋಸ್ ಎಂಬ ನಾವಿಕನನ್ನು ನೆನೆಯುತ್ತದೆ. ಬಂದರುಗಳ ನೆಲೆ, ಕಡಲಿನ ಆಕಾರ ತಿಳಿದು, ದಡ ಬಿಟ್ಟು ನಡುಕಡಲಿನಲ್ಲಿ ನೇರ ಭಾರತಕ್ಕೆ ಬರುವ ದಾರಿ ಕಂಡವನು ಅವನಂತೆ. ಅವನ ಹೆಸರೇ ಮುಂಗಾರಿನ ಗಾಳಿಗೂ ಬಂತು. ಅರಬರಿಗೂ ಭಾರತೀಯ ನಾವಿಕರಿಗೂ ಈ ಗಾಳಿ ಮೊದಲೇ ಗೊತ್ತಿತ್ತೆಂಬುದನ್ನು ಮರೆಯಬಾರದು. ಕ್ರಿ.ಪೂ. ಎರಡನೆಯ ಶತಮಾನದ ಕೊನೆಗೆ ಸಿಜಿಕಸ್‌ನ ಯೂಡಾಕ್ಸಸ್ ಭಾರತಕ್ಕೆ ಬಂದಾಗ ದಾರಿ ತೋರಿದವನು ಹಡಗೊಡೆದು ಈಜಿಪ್ಟ್ ಸೇರಿದ್ದ ಒಬ್ಬ ಭಾರತೀಯ. ಅವನ ಹೆಸರನ್ನು ಯಾರೂ ಗಾಳಿಗೆ ಇಡಲಿಲ್ಲ.

ಈಜಿಪ್ಟಿನಿಂದ ಹೊರಡುವ ತಿಂಗಳು ಜುಲೈ. ಅಂದರೆ ನಮ್ಮ ಆಷಾಢ. ಕೆಂಪು ಸಮುದ್ರದ ಬಾಯಿಯ ಒಕೆಲಿಸ್‌ನಿಂದ ಕೇರಳದ ಮುಜಿರಿಸ್‌ಗೆ ಹಿಪ್ಪಲೋಸ್ ಗಾಳಿಯಲ್ಲಿ 40 ದಿನ ಎಂದು ರೋಮನ್ ಲೇಖಕ ಪ್ಲಿನಿ ಲೆಕ್ಕ ಕೊಡುತ್ತಾನೆ. ಹತ್ತಿರದ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರ ಕಾಟವಿದೆ ಎಂದು ಎಚ್ಚರಿಸುತ್ತಾನೆ. ಅದು ನೇತ್ರಾವತಿಯ ಅಳಿವೆ, ಮಂಗಳೂರಿನ ಸುತ್ತಿನದೆಂದು ಹಲವರ ಗುರುತು. ಆಷಾಢದಲ್ಲಿ ಹೊರಟ ಹಡಗು ದಡ ಕಾಣುವಷ್ಟರಲ್ಲಿ ಮುಂಗಾರಿನ ಆರ್ಭಟ ಇಳಿದಿರುತ್ತಿತ್ತು. ಮರಳುವಾಗ ಡಿಸೆಂಬರಿನ ತಿರುಗಾಳಿ. ವರ್ಷಕ್ಕೆ 120 ಹಡಗುಗಳು ಹೀಗೆ ಹೊರಡುತ್ತಿದ್ದವೆಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಅವು ತಂದ ನಾಣ್ಯ ಒಳನಾಡಿಗೂ ಬಂತು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, 1891ರಲ್ಲಿ ಯಶವಂತಪುರದ ಬಳಿ ರೈಲು ದಾರಿಯ ಕೆಲಸದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಯಶವಂತಪುರದಿಂದ ಸ್ಕಂದಗಿರಿ ಒಂದು ಬೆಳಗಿನ ಪಯಣ.

ಗಾಳಿ ತಂದದ್ದು ನಾಣ್ಯವಷ್ಟೇ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಎರಡನೆಯ ಶತಮಾನದ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲ ದಂಡೆಯಲ್ಲಿ ಸೆರೆಯಾದ ಖಾರಿಶನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅವಳ ಅಣ್ಣನ ತಂಡ ರಾಜನಿಗೆ ಕುಡಿಸಿ ಬಿಡಿಸಿಕೊಂಡು ಹೋಗುವ ಕತೆ. ಅದು ಪ್ರಕಟವಾದದ್ದು 1903ರಲ್ಲಿ. ಮರುವರ್ಷವೇ ಶಾಸನತಜ್ಞ ಇ. ಹುಲ್ಚ್, ನಾಟಕದಲ್ಲಿ ಸ್ಥಳೀಯರು ಆಡುವ ಮಾತು ಕನ್ನಡವಿರಬೇಕೆಂದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಈ ಜಾಡನ್ನು ಮುಂದುವರಿಸಿದರು. ಒಪ್ಪದವರಿದ್ದಾರೆ, ತುಳು ಎಂದವರೂ ಇದ್ದಾರೆ. ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬದಿಗೆ ಸರಿಯುವ ಸಂಗತಿ ಒಂದಿದೆ: ನಾಟಕದ ವಿದೂಷಕನ ಆಯುಧ ಗಾಳಿಯೇ. ತನ್ನ ಅಪಾನವಾಯುವಿನಿಂದಲೇ ಅವನು ಶತ್ರುಗಳನ್ನು ಓಡಿಸುತ್ತಾನೆ. ಮುಂಗಾರಿನ ಗಾಳಿ ಹಿಡಿದು ನಮ್ಮ ಕರಾವಳಿಗೆ ಬಂದವರ ನಾಟಕದಲ್ಲಿ ಗಾಳಿಗೆ ಇಂಥ ಪಾತ್ರವೂ ಇತ್ತು.

ಮಾತಿಗೆ ಹೊಕ್ಕ ಗಾಳಿ
ಸೈಕ್ಲೋನ್: 1848ರಲ್ಲಿ ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ ಗ್ರೀಕ್ ಮೂಲದಿಂದ ಕಟ್ಟಿದ ಪದ, ಸುರುಳಿ ಸುತ್ತಿದ ಹಾವಿನ ಕಲ್ಪನೆ ಅದರಲ್ಲಿದೆ.
ಅನಿಮೋಮೀಟರ್: ಗಾಳಿಯ ವೇಗ ಅಳೆಯುವ ಸಾಧನ, ಅನೆಮೊಸ್‌ನಿಂದ.
ಏಯೋಲಿಯನ್: ಗಾಳಿ ಸಾಗಿಸಿ ಗುಡ್ಡೆಹಾಕಿದ ಮರಳಿಗೆ ಭೂವಿಜ್ಞಾನಿಗಳ ವಿಶೇಷಣ. ತಲಕಾಡಿನ ಗುಡಿಗಳನ್ನು ಹೂತ ಮರಳಿಗೂ ಏಯೋಲಸ್‌ನ ಹೆಸರೇ ಸಲ್ಲುತ್ತದೆ.
ಅನೆಮೊಸ್: ಕುಷಾಣ ದೊರೆ ಕನಿಷ್ಕನ ಮೊದಮೊದಲ ನಾಣ್ಯಗಳಲ್ಲಿ ಗ್ರೀಕ್ ಲಿಪಿಯಲ್ಲಿ ಗಾಳಿದೇವರಿಗೆ ಈ ಹೆಸರೇ ಇದೆ. ಆಮೇಲಿನ ನಾಣ್ಯಗಳಲ್ಲಿ ಅದೇ ದೇವರು ‘ಓಅದೊ’.

ಕಣದಲ್ಲಿ ಮೂಡಗಾಳಿ

ವರ್ಷದ ಇನ್ನೊಂದು ತುದಿಯಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಡಿಸೆಂಬರ್, ಜನವರಿಯ ಮೂಡಗಾಳಿ ತಣ್ಣಗೆ, ಒಣಗಿಕೊಂಡು ಬರುತ್ತದೆ. ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳ ಕಿಟಕಿಗೆ ಒದ್ದೆ ಗೋಣಿ ಬೀಳುತ್ತದೆ. ಹಿಪ್ಪುನೇರಳೆ ಸೊಪ್ಪು ಬಾಡಬಾರದು. ರಾಗಿಯ ಮೆದೆ ಕಣಕ್ಕಿಳಿಯುತ್ತದೆ. ರೋಣಗಲ್ಲು ಉರುಳಿದ ಮೇಲೆ ಎಲ್ಲವೂ ಗಾಳಿಯ ಕೈಯಲ್ಲಿ. ‘ಗಾಳಿ ಬಂದಾಗ ತೂರಿಕೋ’ ಎಂಬುದು ಗಾದೆಯಾಗುವ ಮೊದಲು ಕಣದ ಕೆಲಸದ ಕ್ರಮವಾಗಿತ್ತು. ಈಗ ಯಂತ್ರದ ಫ್ಯಾನು ಗಾಳಿಯನ್ನು ಕಾಯುವುದಿಲ್ಲ.

ಹೋಮರನಿಗೆ ಈ ಕಣ ಗೊತ್ತಿತ್ತು. ಪ್ರೇತಲೋಕದಲ್ಲಿ ಕುರುಡ ಕಾಲಜ್ಞಾನಿ ಟೈರೇಸಿಯಸ್ ಒಡಿಸಿಯಸ್‌ಗೆ ಹೇಳುತ್ತಾನೆ: ಹುಟ್ಟನ್ನು ಹೆಗಲ ಮೇಲೆ ಹೊತ್ತು ಒಳನಾಡಿಗೆ ನಡೆ, ದಾರಿಹೋಕನೊಬ್ಬ ಅದನ್ನು ಕಾಳು ತೂರುವ ಸಲಿಕೆ ಎಂದುಕೊಂಡಾಗ ಅಲ್ಲೇ ನೆಟ್ಟು ಪೂಜೆ ಮಾಡು. ಕಡಲು ಕಾಣದ, ಆಹಾರಕ್ಕೆ ಉಪ್ಪು ಬೆರೆಸದ ಜನರ ನಾಡು ಅದು. ಉಪ್ಪಿನ ಮಾತೊಂದನ್ನು ಬಿಟ್ಟರೆ ಬಯಲುಸೀಮೆಯ ಯಾವ ಊರಿಗಾದರೂ ಒಪ್ಪುವ ವರ್ಣನೆ. ನಾವಿಕನಿಗೂ ರೈತನಿಗೂ ಗಾಳಿ ಬೇಕು. ಒಬ್ಬನ ಹುಟ್ಟು ಇನ್ನೊಬ್ಬನ ಸಲಿಕೆ.

ಚಾರಣಿಗರು ಆಸೆಪಟ್ಟು ಬರುವ ಮೋಡದ ಹಾಸು ಕಾಣುವುದೂ ಈ ಚಳಿಗಾಲದಲ್ಲೇ. ಆಗಸ ತಿಳಿಯಾಗಿರುವ ರಾತ್ರಿ ನೆಲ ಬೇಗ ಶಾಖ ಕಳೆದುಕೊಳ್ಳುತ್ತದೆ. ತಣ್ಣನೆಯ, ಭಾರವಾದ ಗಾಳಿ ಇಳಿಜಾರು ಹಿಡಿದು ತಗ್ಗಿನಲ್ಲಿ ಸೇರುತ್ತದೆ; ಕೆರೆ, ಹೊಲಗಳ ತೇವ ಅಲ್ಲೇ ಮಂಜಾಗುತ್ತದೆ. ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳ ಹಾಕುತ್ತದೆ. ಗಾಳಿ ಸ್ವಲ್ಪ ಜೋರಾದರೂ ಈ ಏರ್ಪಾಡು ಕಲಕಿಹೋಗುತ್ತದೆ. ಅಂದರೆ ಆ ಚಿತ್ರವನ್ನು ಕೊಡುವುದು ಗಾಳಿಯಲ್ಲ, ಗಾಳಿಯ ಬಿಡುವು.

ಈ ಬಿಡುವಿಗೂ ಗ್ರೀಕರಲ್ಲಿ ಕತೆಯಿದೆ. ಏಯೋಲಸ್‌ನ ಮಗಳು ಆಲ್ಸಿಯೋನಿ, ಅವಳ ಗಂಡ ಸೀಯಿಕ್ಸ್. ಅವನು ಬಿರುಗಾಳಿಗೆ ಸಿಕ್ಕಿ ಮುಳುಗಿದ. ಅವಳು ಕಡಲಿಗೆ ಹಾರಿದಳು. ಕರುಣೆಗೊಂಡ ದೇವತೆಗಳು ಇಬ್ಬರನ್ನೂ ಮಿಂಚುಳ್ಳಿಗಳಾಗಿಸಿದರು. ಮಗಳು ಅಲೆಯ ಮೇಲೆ ಗೂಡು ಕಟ್ಟಿ ಮೊಟ್ಟೆಯಿಡುವ ಕಾಲದಲ್ಲಿ ಏಯೋಲಸ್ ಗಾಳಿಗಳನ್ನು ಕಟ್ಟಿಹಾಕುತ್ತಾನೆ. ಅದು ಡಿಸೆಂಬರಿನ ಅಯನದ ಹಿಂದಿನ ಏಳು, ಮುಂದಿನ ಏಳು, ಒಟ್ಟು 14 ದಿನ. ಅರಿಸ್ಟಾಟಲ್ ಕೂಡ ಇದನ್ನು ದಾಖಲಿಸಿದ್ದಾನೆ. ಸ್ಕಂದಗಿರಿಯ ಮೋಡದ ದಿನಗಳೂ ಅದೇ ಆಸುಪಾಸಿನವು.

ಪಕ್ಷಿವಿಜ್ಞಾನಿಗಳು ಆ ದಂಪತಿಯನ್ನು ಮರೆತಿಲ್ಲ. ಈ ಭಾಗದ ಕೆರೆ ದಂಡೆಗಳಲ್ಲಿ, ವಿದ್ಯುತ್ ತಂತಿಯ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿಯ ಶಾಸ್ತ್ರೀಯ ಹೆಸರು ಹಾಲ್ಸಿಯಾನ್ ಸ್ಮಿರ್ನೆನ್ಸಿಸ್. ಗಂಡನ ಹೆಸರು ಪಶ್ಚಿಮ ಘಟ್ಟದ ಪುಟ್ಟ ಮಿಂಚುಳ್ಳಿಗೆ ಹೋಗಿದೆ: ಸೀಯಿಕ್ಸ್ ಎರಿತಾಕಾ. ಹೆಂಡತಿ ಬಯಲಿನಲ್ಲಿ, ಗಂಡ ಮಳೆಕಾಡಿನಲ್ಲಿ.

ನಂದಿ ಬೆಟ್ಟದಾಚೆ, ದೇವನಹಳ್ಳಿಯಲ್ಲಿ ಪಡುವಣ ಗಾಳಿಗೂ ಮೂಡಗಾಳಿಗೂ ದಿನನಿತ್ಯದ ಕೆಲಸವಿದೆ. 2008ರ ಮೇ ತಿಂಗಳಲ್ಲಿ ಶುರುವಾದ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ತುದಿಗಳಲ್ಲಿ ಬರೆದಿರುವ 09, 27 ಎಂಬ ಅಂಕಿಗಳು ದಿಕ್ಸೂಚಿಯ 90 ಮತ್ತು 270 ಡಿಗ್ರಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಆಷಾಢದಲ್ಲಿ ಮುಖ ಪಡುವಣಕ್ಕೆ, ಮೂಡಗಾಳಿ ಬೀಸುವ ಪುಷ್ಯದಲ್ಲಿ ಮೂಡಣಕ್ಕೆ. ಇಳಿಯುವ ಮೊದಲು ಪೈಲಟ್‌ನ ಕಿವಿಗೆ ರೇಡಿಯೊದಲ್ಲಿ ಬೀಳುವ ಸಂಗತಿಗಳಲ್ಲಿ ಅನಿಮೋಮೀಟರ್ ಅಳೆದ ಗಾಳಿಯ ವೇಗವೂ ಒಂದು. 09ರ ಕಡೆಯಿಂದಲೋ 27ರ ಕಡೆಯಿಂದಲೋ ಎಂಬುದು ಗಾಳಿಯ ದಿಕ್ಕಿನ ಮೇಲೆ ತೀರ್ಮಾನವಾಗುತ್ತದೆ.